ಸಾಗರಗೌರಿಯ ಭೋಂಗಾ

ನಮ್ಮ ಮಾವನವರು ಯುದ್ಧಕ್ಕೆ ಹೋಗಿ ಬಂದವರು, ಆದರೆ ಯುದ್ಧವನ್ನು ಕಣ್ಣಾರೆ ಕಂಡವರಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ. ಎಪ್ಪತ್ತೊಂದರ ಯುದ್ಧದಲ್ಲಿ ಸೇನೆಯ ಸಾಮಾನು ಹೊತ್ತ ಹಡಗಿನಲ್ಲಿ ಅವರಿದ್ದದ್ದು ನಿಜ. ಆದರೆ ಅವರ ಜಾಗ ಹಡಗಿನ ಹೊಟ್ಟೆಯೊಳಗೆ, ಎಂಜಿನ್ ರೂಮಿನಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ. ಅಲ್ಲಿ ಕಿಟಕಿಯಿಲ್ಲ. ಮೇಲೆ ಬಿಸಿಲೋ ಮಳೆಯೋ, ಎದುರಿಗೆ ಬರುತ್ತಿರುವುದು ನಮ್ಮವರೋ ಪರರೋ, ಯಾವುದೂ ತಿಳಿಯದು. ಬೇರಿಂಗಿಗೆ ಎಣ್ಣೆ ಬಿಡುವುದು, ಅಂಗೈ ಇಟ್ಟು ಕಾವು ನೋಡುವುದು, ಇಷ್ಟೇ ನಮ್ಮ ಮಾವ ಚನ್ನವೀರಪ್ಪನವರು ಮಾಡಿದ ಯುದ್ಧ. "ನಾವು ಯುದ್ಧಾ ನೋಡ್ಲಿಲ್ಲವಾ ನಿವೇದಿತಾ, ಕೇಳಿದ್ವಿ. ನಾನೂ ಬೈರ್ಯಾನೂ ಇಬ್ರೂ ಕೇಳಿದ್ವಿ," ಎನ್ನುತ್ತಾರೆ. ಬೈರ್ಯಾ ಎಂದರೆ ಅವರ ಹಡಗಿನ ಗೆಳೆಯ. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಆ ಹಡಗಿನ ಹೆಸರು ಸಾಗರಗೌರಿ. ಹೆಸರು ನಮ್ಮದು, ಹುಟ್ಟು ಪರದೇಶದ್ದು. ಎರಡನೇ ಮಹಾಯುದ್ಧದ ನಡುವೆ ಸ್ಕಾಟ್ಲೆಂಡಿನ ಯಾವುದೋ ಊರಿನಲ್ಲಿ ಅವಸರವಸರವಾಗಿ ಕಟ್ಟಿದ ಸರಕು ಹಡಗು. ಗೋಧಿ, ಬೂಟು, ಬಾಂಬು ಎಲ್ಲವನ್ನೂ ಒಂದೇ ಹೊಟ್ಟೆಯಲ್ಲಿ ತುಂಬಿಕೊಂಡು ಅಟ್ಲಾಂಟಿಕ್ ದಾಟಿತಂತೆ. ಜೊತೆಗೆ ಹೊರಟವುಗಳಲ್ಲಿ ಎಷ್ಟೋ ಮುಳುಗಿದರೂ ಇದು ಪ್ರತಿ ಸಲ ದಡ ಸೇರಿತಂತೆ. ಯುದ್ಧ ಮುಗಿದ ಮೇಲೆ ಗ್ರೀಕ್ ವ್ಯಾಪಾರಿಯೊಬ್ಬ ಕೊಂಡ. ಅವನ ಕೈಯಿಂದ ಮುಂಬೈಯ ಕಂಪನಿಯೊಂದು ಕೊಂಡು, ಹೊಸ ಬಣ್ಣ ಬಳಿದು, ಗೌರಿ ಎಂದು ಹೆಸರಿಟ್ಟಿತು. ಆಮೇಲೆ ಬರಗಾಲದ ವರ್ಷಗಳಲ್ಲಿ ಅಮೆರಿಕದ ಗೋಧಿ ತಂದಿತು, ಕೊಲ್ಲಿ ದೇಶಗಳಿಂದ ಖರ್ಜೂರ ತಂದಿತು, ಒಮ್ಮೆ ಸರ್ಕಸ್ಸಿನ ಆನೆಯನ್ನೂ ಸಾಗಿಸಿತು. ಹೆಣ್ಣು ನೋಡಲು ಬಂದವರ ಮುಂದೆ ಹಿರಿಯರು ಮನೆತನ ಹೇಳುತ್ತಾರಲ್ಲ, ಹಾಗೆ ಮಾವನವರು ಈ ಚರಿತ್ರೆಯನ್ನು ಹೇಳುತ್ತಾರೆ. ಆನೆಯ ಭಾಗ ಬಂದಾಗ ಧ್ವನಿ ಸ್ವಲ್ಪ ಏರುತ್ತದೆ.

ಹಾವೇರಿ ಕಡೆಯ ಲಿಂಗಾಯತರ ಹುಡುಗ ಸಮುದ್ರಕ್ಕೆ ಬಿದ್ದದ್ದೇ ಒಂದು ಸೋಜಿಗ. ಹುಬ್ಬಳ್ಳಿಯಲ್ಲಿ ಐಟಿಐ ಮುಗಿಸಿ, ಮುಂಬೈಯಲ್ಲಿ ಕೆಲಸ ಹುಡುಕಲು ಹೋದವರು ಹಡಗಿನ ಎಣ್ಣೆ ಕೆಲಸಕ್ಕೆ ಸೇರಿದರು. ಎದೆಯ ಮೇಲೆ ಇಷ್ಟಲಿಂಗ, ಸುತ್ತ ಮೀನಿನ ವಾಸನೆ. ಮೊದಲ ವಾರ ಬರೀ ಬ್ರೆಡ್ಡು ನೀರಿನಲ್ಲಿ ಕಳೆದರಂತೆ. ಆಗ ಬಾಯ್ಲರ್ ನೋಡಿಕೊಳ್ಳುತ್ತಿದ್ದವನೊಬ್ಬ ತನ್ನ ಪಾಲಿನ ಆಲೂಗಡ್ಡೆ ಈರುಳ್ಳಿ ಇವರ ತಟ್ಟೆಗೆ ಹಾಕಿ, ಇವರ ಪಾಲಿನ ಮೀನನ್ನು ತಾನು ತಿನ್ನತೊಡಗಿದ. ಅವನೇ ಚಿಕ್ಕಬೈರಪ್ಪ. ಬೆಂಗಳೂರಿನ ಅಂಚಿನ ಚಿಕ್ಕಬಾಣಾವರದ ಒಕ್ಕಲು ಮನೆಯವನು. ಎತ್ತಿನ ವಿಚಾರಕ್ಕೆ ಅಪ್ಪನ ಹತ್ತಿರ ಜಗಳವಾಡಿ, ಊರ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು ಹತ್ತಿ ಹೊರಟವನು. ಹೀಗೆ ಒಂದು ತಟ್ಟೆಯಲ್ಲಿ ಶುರುವಾದ ಗೆಳೆತನ ಇವತ್ತಿನವರೆಗೂ ನಡೆದಿದೆ.

ಗೌರಿಯಲ್ಲಿ ಒಂದು ಪದ್ಧತಿಯಿತ್ತು. ಬಂದರು ಮುಟ್ಟಿದಾಗ ಮೇಲಿನವರಿಗೆಲ್ಲ ದಡ ಕಾಣುತ್ತದೆ. ಕೆಳಗಿನವರಿಗೆ ಹೇಳುವವರು ಯಾರು? ಅದಕ್ಕೆಂದೇ ಕ್ಯಾಪ್ಟನ್ ಭೋಂಗಾವನ್ನು, ಅಂದರೆ ಹಡಗಿನ ಉಗಿ ಸೈರನ್ನನ್ನು, ಮೂರು ಸಲ ಉದ್ದಕ್ಕೆ ಊದಿಸುತ್ತಿದ್ದ. ಅದು ಕೆಳಗಿನವರಿಗಾಗಿ ಮಾತ್ರ. ಮೂರನೆಯದು ನಿಂತ ಕೂಡಲೇ ಎಂಜಿನ್ ರೂಮಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು "ಬಂದ್ವಿ" ಎಂದು ಹೇಳಿಕೊಳ್ಳುವರು, ತಮಿಳಿನವನು ತಮಿಳಿನಲ್ಲಿ, ಮಲಯಾಳಿ ಮಲಯಾಳದಲ್ಲಿ.

ಯುದ್ಧ ಬಂತು. ಜೀಪು, ಡೇರೆ, ಡೀಸೆಲ್ ಡ್ರಮ್ಮು, ಏನಿದೆ ಎಂದು ಕೇಳಬಾರದ ಪೆಟ್ಟಿಗೆಗಳು, ಎಲ್ಲ ಗೌರಿಯ ಮೇಲೇರಿದವು. ಕಿಟಕಿಗಳಿಗೆ ಕಪ್ಪು ಬಣ್ಣ ಬಂತು. ದೀಪ ಹಚ್ಚುವಂತಿಲ್ಲ, ಭೋಂಗಾ ಊದುವಂತಿಲ್ಲ. ಬಂಗಾಳದ ಕಡಲಿನಲ್ಲಿ ಆ ಹಡಗು ಮುಸುಕು ಹೊದ್ದು ಓಡಾಡಿತು. ಒಮ್ಮೆ ಹತ್ತಿರದಲ್ಲೆಲ್ಲೋ ನೀರಿನೊಳಗೆ ಏನೋ ಸಿಡಿಯಿತು. ಆಗ ಮಧ್ಯಾಹ್ನವಾಗಿತ್ತು ಎನ್ನುವುದೂ ಇವರಿಗೆ ಆಮೇಲೆ ತಿಳಿದದ್ದು. ಹಡಗಿನ ಗೋಡೆಗೆ ದೊಡ್ಡ ಸುತ್ತಿಗೆಯಿಂದ ಹೊಡೆದಂಥ ಸದ್ದು. ಮಾವನವರು ಏಣಿಯಿಂದ ಬಿದ್ದರು, ಚಿಕ್ಕಬೈರಪ್ಪ ಗೋಡೆಗೆ ಎಸೆಯಲ್ಪಟ್ಟು ತಲೆ ಹಿಡಿದುಕೊಂಡು ಕೂತ. ಆದರೆ ಗೌರಿ ನಿಲ್ಲಲಿಲ್ಲ, ಇವರೂ ಎದ್ದು ಕೆಲಸ ಮುಂದುವರಿಸಿದರು. ಯುದ್ಧ ಮುಗಿದು ಮದ್ರಾಸಿಗೆ ವಾಪಸಾದ ದಿನ, ಅಷ್ಟು ದಿನ ಬಾಯಿ ಕಟ್ಟಿಕೊಂಡಿದ್ದ ಭೋಂಗಾ ಮೂರು ಸಲ ಕೂಗಿತು. ಚಿಕ್ಕಬೈರಪ್ಪ ಉಗಿ ಪೈಪನ್ನು ಹಿಡಿದುಕೊಂಡು ಮಗುವಿನ ಹಾಗೆ ಅತ್ತನಂತೆ. 

ಕೆಲವು ವರ್ಷಗಳ ನಂತರ ಗೌರಿಯನ್ನು ಮುಂಬೈಯಲ್ಲಿ ಒಡೆದರು. ಕೊನೆಯ ದಿನ ಉಳಿದವರು ಗಡಿಯಾರ, ಪಿಂಗಾಣಿ ತಟ್ಟೆ, ಹಿತ್ತಾಳೆ ದೀಪ ಎಂದು ಕೈಗೆ ಸಿಕ್ಕಿದ್ದನ್ನು ಕೇಳಿ ಪಡೆದರೆ, ಈ ಇಬ್ಬರು ಬುದ್ಧಿವಂತರು ಭೋಂಗಾ ಕೇಳಿದರು. ಅದನ್ನು ಗೋಣಿಯಲ್ಲಿ ಸುತ್ತಿ ರೈಲಿನಲ್ಲಿ ಚಿಕ್ಕಬಾಣಾವರಕ್ಕೆ ತಂದರು. ಓಡಿಹೋದ ಮಗ ಹಣ ತರುತ್ತಾನೆಂದು ಕಾದಿದ್ದ ಅಪ್ಪ ಆ ಹಿತ್ತಾಳೆಯ ಮಡಕೆಯನ್ನು ನೋಡಿ ತಲೆ ಚಚ್ಚಿಕೊಂಡನಂತೆ. ಆಗ ಪಕ್ಕದ ಪೀಣ್ಯದಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಚಿಕ್ಕಬೈರಪ್ಪನ ದೂರದ ಸಂಬಂಧಿ ಗೋಪಾಲಪ್ಪ ತನ್ನ ರಾಗಿ ಹೊಲದಲ್ಲಿ ಪ್ರೆಸ್ ಶಾಪ್ ಹಾಕಿದ್ದ. ದಿನವಿಡೀ ತಗಡು ಹೊಡೆಯುವ ಕೆಲಸ. ಅವನಿಗೆ ಫಿಟ್ಟರುಗಳು ಬೇಕಿತ್ತು, ಶಿಫ್ಟಿಗೆ ಸೈರನ್ನೂ ಬೇಕಿತ್ತು. ಎರಡೂ ಒಟ್ಟಿಗೆ ಸಿಕ್ಕವು. ಉಗಿಯ ಬದಲು ಕಂಪ್ರೆಸರಿನ ಗಾಳಿ ಕೊಟ್ಟು ಭೋಂಗಾವನ್ನು ಛಾವಣಿಯ ಮೇಲೆ ಕೂರಿಸಿದರು. ಗಾಳಿಯ ಪೈಪು ಗೇಟಿನ ಪಕ್ಕದ ಗೋಡೆಗುಂಟ ಮೇಲೆ ಹೋಯಿತು. ಅಂದಿನಿಂದ ಬೆಳಿಗ್ಗೆ ಆರಕ್ಕೆ ಮೂರು ಸಲ ಉದ್ದಕ್ಕೆ, ತಪ್ಪದೆ.

ಇಬ್ಬರೂ ಅಲ್ಲೇ ದುಡಿದು ನಿವೃತ್ತರಾಗಿ ಎಷ್ಟೋ ವರ್ಷವಾದರೂ ಚಿಕ್ಕಬೈರಪ್ಪನವರು ಮೊದಲ ಬಸ್ಸಿಗೆ ಬಂದು ಆ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಆರು ಹೊಡೆಯುವ ಮುಂಚೆ ಅಂಗೈಯನ್ನು ಪೈಪಿನ ಮೇಲಿಟ್ಟು ಕಣ್ಣು ಮುಚ್ಚುವರು. ಭೋಂಗಾ ನಿಂತ ಮೇಲೆ ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುವರು. ನಂತರ ನಮ್ಮ ಮಾವನ ಜೊತೆ ಟೀ ಕುಡಿದು ವಾಪಸ್ಸು. ಆಯುಧಪೂಜೆಗೆ ಲೇತ್ ಮಿಷನ್ನಿಗೂ ವಿಭೂತಿ ಹಚ್ಚುವ ನಾವು ಇದನ್ನು ನಮಸ್ಕಾರ ಎಂದೇ ತಿಳಿದೆವು. ಹಿರಿಯರು ಮಾಡುವುದನ್ನು ನೋಡಿ ಕೆಲಸಗಾರರೂ ಪೈಪು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗತೊಡಗಿದರು. ಯಾರೋ ಹೆಂಗಸು ಅರಿಶಿನ ಕುಂಕುಮ ಹಚ್ಚಿದಳು. ಶುಕ್ರವಾರ ಹೂವು ಬಂತು. ಮಗಳು ಸ್ಫೂರ್ತಿಯ ಸಿಇಟಿ ದಿನ ನಾನೇ ಹೋಗಿ ಒಂದು ಮೊಳ ಸೇವಂತಿಗೆ ಸುತ್ತಿ ಬಂದೆ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿರುವ ಹೆಂಗಸು ಗಾಳಿ ಪೈಪಿಗೆ ಕೈ ಮುಗಿದಳು ಎಂದು ನನ್ನ ಗಂಡ ರುದ್ರೇಶ್ ಇವತ್ತಿಗೂ ರೇಗಿಸುತ್ತಾರೆ.

ಇನ್ನು ನಮ್ಮ ಅಪಾರ್ಟ್‌ಮೆಂಟು. ಹಳೆಯ ತಂತಿ ಕಾರ್ಖಾನೆ ಕೆಡವಿದ ಜಾಗದಲ್ಲಿ ಎದ್ದ ಮನೆಗಳು ಇವು, ಪ್ರೆಸ್ ಶಾಪಿನ ಎದುರಿಗೇ. ಮನೆ ಮಾರುವಾಗ ಬಿಲ್ಡರ್ ಕೊಟ್ಟ ಚಿತ್ರದಲ್ಲಿ ಕಾರ್ಖಾನೆ ಇದ್ದ ಕಡೆ ಬರೀ ಮರಗಳಿದ್ದವು. ಚಿತ್ರ ನಂಬಿ ಬಂದವರು ಈಗ ಕಾರ್ಖಾನೆಯ ಮೇಲೆ ಸಿಟ್ಟಾದರು. ಪೀಣ್ಯಕ್ಕೆ ಬಂದು ಸದ್ದು ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಅಸೋಸಿಯೇಷನ್ನಿನ ಕಾರ್ಯದರ್ಶಿ ಮುರಳಿಯನ್ನು ಪೂರ್ತಿ ಬೈಯಲೂ ಆಗದು. ಅವನ ಮನೆಯಲ್ಲಿ ಹಸುಗೂಸಿದೆ, ಅದು ಭೋಂಗಾ ಕೇಳಿ ಬೆಚ್ಚಿಬಿದ್ದು ಅಳುತ್ತದೆ. ದೂರು ಹೋಯಿತು, ಸದ್ದು ಅಳೆಯುವವರು ಬಂದರು, ಕಾರ್ಖಾನೆಗೆ ನೋಟಿಸ್ ಬಂತು. ಗೋಪಾಲಪ್ಪನ ಮಗ ದೇವರಾಜ್ ಈಗ ಮಾಲೀಕ. ಅವನೇ ಮನೆಗೆ ಬಂದು ಮಾವನವರ ಮುಂದೆ ಕೈ ಕಟ್ಟಿ ನಿಂತ. ಆಯುಧಪೂಜೆಯವರೆಗೂ ಹೇಗೋ ಸಮಯ ತೆಗೆದುಕೊಂಡಿದ್ದೇನೆ, ಆಮೇಲೆ ಭೋಂಗಾ ಇಳಿಸಲೇಬೇಕು, ಎಲೆಕ್ಟ್ರಿಕ್ ಬೆಲ್ ಹಾಕಿಸುತ್ತೇನೆ ಎಂದ.

 "ನನಗೇನೂ ಇಲ್ಲಪಾ. ಬೈರ್ಯಾಗ ಹ್ಯಾಂಗ ಹೇಳ್ಲಿ? ಅಂವ ಅದಕ್ಕಂತ ಬರ್ತಾನ," ಎಂದರು ಮಾವನವರು.

ಇದನ್ನು ಕೇಳಿದ ಮುರಳಿ ಒಂದು ಉಪಾಯ ತಂದ. ಒಳ್ಳೆಯ ಮೈಕ್ ಇಟ್ಟು ಭೋಂಗಾವನ್ನು ರೆಕಾರ್ಡ್ ಮಾಡಿ, ಮೊಬೈಲಿಗೆ ಹಾಕಿಕೊಡುತ್ತೇನೆ. ಅಜ್ಜಂದಿರು ಬೇಕಾದಾಗ ಬೇಕಾದಷ್ಟು ಸಲ ಕೇಳಬಹುದು ಎಂದ. ನನ್ನ ಮೊಬೈಲಿಗೇ ಹಾಕಿಯೂ ಕೊಟ್ಟ. ಮಾವನವರು ಅದನ್ನು ಕಿವಿಗಿಟ್ಟು ಕೇಳಿದರು, ಅವರ ಮುಖ ಅರಳಿತು. ಮಂಚದ ಮೇಲೆ ಮಲಗಿಯೇ ಗೌರಿಯನ್ನು ಕೇಳಬಹುದು, ಬೈರಪ್ಪ ಇನ್ನು ಚಳಿಯಲ್ಲಿ ಬಸ್ಸು ಹತ್ತುವ ಗೋಜಿಲ್ಲ ಎಂದರು. ನನಗೂ ಒಂದು ಭಾರ ಇಳಿಯಿತು.

ಭಾನುವಾರ ನಾನೇ ಕಾರಿನಲ್ಲಿ ಮಾವನವರನ್ನು ಚಿಕ್ಕಬಾಣಾವರಕ್ಕೆ ಕರೆದುಕೊಂಡು ಹೋದೆ. ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳು ಸಾಲಾಗಿ ನಿಂತಿವೆ. ನಡುವೆ ಒಂದು ಹಳೆಯ ಅಂಗಳ, ಒಂದು ನುಗ್ಗೆಮರ, ಅದರ ಕೆಳಗೆ ಚಿಕ್ಕಬೈರಪ್ಪನವರು. ಅವರ ಹೆಂಡತಿ ರಾಮಮ್ಮ ಮಜ್ಜಿಗೆ ತಂದರು. ಚಿಕ್ಕಬೈರಪ್ಪನವರ ಕಿವಿ ಮಂದ ಎಂದು ನಮಗೆಲ್ಲ ಗೊತ್ತಿತ್ತು, ಆ ವಯಸ್ಸಿಗೆ ಯಾರದು ಮಂದವಲ್ಲ? ಎದುರಿಗೆ ಕೂತು ಮುಖ ನೋಡಿ ಹೇಳಿದರೆ ಎಲ್ಲವೂ ತಿಳಿಯುತ್ತಿತ್ತು. ಮಾವನವರು ಹಾಗೆಯೇ ಎದುರು ಕೂತು ನೋಟಿಸಿನ ವಿಷಯ ಹೇಳಿದರು. ಭೋಂಗಾ ಇಳಿಸುತ್ತಾರೆ ಎನ್ನುವಾಗ ಚಿಕ್ಕಬೈರಪ್ಪನವರು ಅಂಗೈಯನ್ನು ಮಂಡಿಗೆ ಒತ್ತಿ ಹಿಡಿದರು. ಮಾವನವರು ನಗುತ್ತಾ, ಹೆದರಬೇಡ, ಈ ಡಬ್ಬಿಯಲ್ಲಿ ಹಿಡಿದು ತಂದಿದ್ದೇವೆ ಎಂದು ನನಗೆ ಸನ್ನೆ ಮಾಡಿದರು.

ನಾನು ಮೊಬೈಲ್ ಒತ್ತಿ ಚಿಕ್ಕಬೈರಪ್ಪನವರ ಕಿವಿಗೆ ಹಿಡಿದೆ. ಅವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ತಲೆ ಆಡಿಸಿದರು. "ಆ... ಅದೇಯ. ನಮ್ ಗೌರಿದೇಯ," ಎಂದರು.

ಮೊಬೈಲಿನಿಂದ ಸದ್ದೇ ಬಂದಿರಲಿಲ್ಲ. ಬ್ಯಾಂಕಿನ ಅಭ್ಯಾಸದಿಂದ ನಾನು ಸೌಂಡ್ ಪೂರ್ತಿ ಇಳಿಸಿಟ್ಟಿದ್ದೆ, ಅದನ್ನು ಮರೆತಿದ್ದೆ. ಪಕ್ಕದಲ್ಲೇ ಇದ್ದ ಮಾವನವರಿಗೂ ಏನೂ ಕೇಳಿರಲಿಲ್ಲ, ಅವರು ನನ್ನ ಮುಖ ನೋಡಿದರು. ಗಾಬರಿಯಲ್ಲಿ ನಾನು ಸೌಂಡ್ ಪೂರ್ತಿ ಏರಿಸಿಬಿಟ್ಟೆ. ಭೋಂಗಾ ಕಿರುಚಿತು. ನುಗ್ಗೆಮರದ ಕಾಗೆಗಳು ಹಾರಿದವು, ಪಕ್ಕದ ಮನೆಯ ನಾಯಿ ಬೊಗಳಿತು. ಕಣ್ಣು ಮುಚ್ಚಿ ಕೂತಿದ್ದ ಚಿಕ್ಕಬೈರಪ್ಪನವರ ರೆಪ್ಪೆ ಕೂಡ ಅಲುಗಲಿಲ್ಲ. ಅವರು ಇನ್ನೂ ಮೊದಲಿನ ಹಾಗೆ ನಿಧಾನಕ್ಕೆ ತಲೆ ಆಡಿಸುತ್ತಲೇ ಇದ್ದರು, ನಮ್ಮ ಸಂತೋಷಕ್ಕೆ.

ನಾನು ಮೊಬೈಲ್ ಆರಿಸಿದೆ. ರಾಮಮ್ಮ ಮಜ್ಜಿಗೆ ಲೋಟ ಕೆಳಗಿಟ್ಟು, ಗಂಡನ ಭುಜ ತಟ್ಟಿ, ಇನ್ನು ಸಾಕು ಎಂಬಂತೆ ಕೈ ಆಡಿಸಿದರು. ಚಿಕ್ಕಬೈರಪ್ಪನವರು ಕಣ್ಣು ಬಿಟ್ಟು ನಮ್ಮ ಮೂವರ ಮುಖ ನೋಡಿದರು. ಏನಾಯಿತು ಎಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ.

"ನಂಗೆ ಕೇಳ್ಸಕಿಲ್ಲ ಕಣ್ಲಾ ಚನ್ನೀರ," ಎಂದರು. "ಅವತ್ತು ಸಿಡೀತಲ್ಲ, ಅವತ್ತಿಂದ್ಲೂ ಇಲ್ಲ."

ಮಾವನವರು ಒಪ್ಪಲಿಲ್ಲ. ಅದು ಹೇಗೆ ಸಾಧ್ಯ, ಮದ್ರಾಸಿನಲ್ಲಿ ಭೋಂಗಾ ಕೇಳಿ ಅತ್ತದ್ದು ಸುಳ್ಳೇ ಎಂದು ಸಿಟ್ಟಿನಿಂದಲೇ ಕೇಳಿದರು. ಚಿಕ್ಕಬೈರಪ್ಪನವರು ಬಿಡಿಸಿ ಹೇಳಿದರು. ಎರಡು ಕಿವಿಯಲ್ಲೂ ರಕ್ತ ಬಂದಿತ್ತು, ಯಾರಿಗೂ ಕಾಣದಂತೆ ಒರೆಸಿಕೊಂಡರು. ಕಿವುಡ ಎಂದು ತಿಳಿದರೆ ಹಡಗಿನಿಂದ ಇಳಿಸಿಬಿಡುತ್ತಿದ್ದರು, ಊರಿಗೆ ಹೋಗಲು ಮುಖವಿರಲಿಲ್ಲ. ಎಂಜಿನ್ ರೂಮಿನ ಅಬ್ಬರದಲ್ಲಿ ಹೇಗೂ ಎಲ್ಲರೂ ಸನ್ನೆಯಲ್ಲೇ ಮಾತಾಡುವರು, ಯಾರಿಗೂ ಗೊತ್ತಾಗಲಿಲ್ಲ. ಪ್ರೆಸ್ ಶಾಪಿಗೆ ಬಂದರೆ ಅಲ್ಲಿಯೂ ಕಿವಿ ಇದ್ದವರಿಗೆ ಕೇಳದಷ್ಟು ಸದ್ದು. ಕಿವುಡನೊಬ್ಬ ಬಚ್ಚಿಟ್ಟುಕೊಳ್ಳಲು ಪೀಣ್ಯಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ? ಮದುವೆಯಾದ ಮೇಲೆ ರಾಮಮ್ಮನಿಗೊಬ್ಬಳಿಗೆ ಹೇಳಿದ್ದರು.

"ಮದ್ರಾಸ್ನಾಗೆ ನಾನು ಪೈಪು ಇಡ್ಕಂಡಿದ್ದೆ," ಎಂದು ಅಂಗೈ ಮುಂದೆ ಚಾಚಿದರು. "ಇದ್ರಾಗೆ ಬಂತು. ಮೂರ್ ಸಲ ಬಂತು. ನಂಗೆ ಉಳ್ದಿರೋ ಸದ್ದು ಅದೊಂದೇಯ. ಬೆಳಗಾಗೆದ್ದು ಅದಕ್ಕೇ ಬತ್ತೀನಿ."

ಆಗ ನನಗೆ ಆ ಗೇಟಿನ ಪೈಪು ನೆನಪಾಯಿತು. ನಾವು ಕುಂಕುಮ ಹಚ್ಚಿದ, ಸೇವಂತಿಗೆ ಸುತ್ತಿದ ಪೈಪು. ಈ ಮನುಷ್ಯ ಇಷ್ಟು ವರ್ಷ ಅದಕ್ಕೆ ನಮಸ್ಕಾರ ಮಾಡುತ್ತಿರಲಿಲ್ಲ, ಕೇಳುತ್ತಿದ್ದ. ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದದ್ದು ಕಣ್ಣೀರು ಒರೆಸಿಕೊಳ್ಳಲು. ನನ್ನ ಕಣ್ಣೂ ತುಂಬಿಬಂತು, ನಾಚಿಕೆಯೂ ಆಯಿತು.

ವಾಪಸ್ಸು ಬರುವಾಗ ಕಾರಿನಲ್ಲಿ ಮಾವನವರು ಒಂದೇ ಮಾತಾಡಿದರು. "ಇಬ್ರೂ ಕೇಳಿದ್ವಿ ಅಂತಿದ್ನಲ್ಲಾ ನಾನು," ಎಂದರು. ಗೆಳೆಯ ಮುಚ್ಚಿಟ್ಟನಲ್ಲ ಎಂಬ ನೋವು ಅವರಿಗಿತ್ತು. ಪಕ್ಕದಲ್ಲೇ ಇದ್ದು ತನಗೆ ತಿಳಿಯಲಿಲ್ಲವಲ್ಲ ಎಂಬುದು ಅದಕ್ಕಿಂತ ದೊಡ್ಡ ನೋವಾಗಿತ್ತು.

ಮರುದಿನವೇ ದೇವರಾಜನ ಹತ್ತಿರ ಹೋದರು. ದಿನವೂ ಬೇಡ, ವಾರಕ್ಕೊಮ್ಮೆ ಎಂದು ಕೇಳಿದರು. ದೇವರಾಜ್ ನೋಟಿಸನ್ನೇ ತೆಗೆದು ತೋರಿಸಿದ. ಅದರಲ್ಲಿ ಒಮ್ಮೆಯೂ ಊದುವಂತಿಲ್ಲ ಎಂದಿತ್ತು. ಮುರಳಿಗೆ ವಿಷಯ ತಿಳಿಸಿದೆವು. ಅವನು ಪಾಪ, ದೂರು ವಾಪಸ್ಸು ಪಡೆಯಲು ಕಚೇರಿಗೆ ಎರಡು ಸಲ ಅಲೆದ. ಒಮ್ಮೆ ಅಳತೆಯಾದ ಸದ್ದನ್ನು ಅಳಿಸಲಾಗದು ಎಂದು ಕಳಿಸಿದರಂತೆ. ಬೆಂಗಳೂರಿನಲ್ಲಿ ಇಷ್ಟೆಲ್ಲ ಸದ್ದಿರುವಾಗ ಕಚೇರಿಯವರಿಗೆ ಇದೊಂದೇ ಕೇಳಿಸಿತೇ ಎಂದು ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಕುಕ್ಕಿ ಏನು ಪ್ರಯೋಜನ?

ಆಯುಧಪೂಜೆ ಬಂತು. ಗೇಟಿಗೆ ಬಾಳೆಕಂಬ, ಪ್ರೆಸ್ಸುಗಳಿಗೆ ಚೆಂಡುಹೂವು, ಪೈಪಿಗಂತೂ ಮದುವೆ ಹೆಣ್ಣಿನ ಅಲಂಕಾರ. ಕೊನೆಯ ಸಲ ಎಂದು ತಿಳಿದು ಬೇರೆ ಕಾರ್ಖಾನೆಗಳವರೂ ಬಂದಿದ್ದರು, ನಮ್ಮ ಅಪಾರ್ಟ್‌ಮೆಂಟಿನವರೂ ಬಂದಿದ್ದರು. ಮುರಳಿ ಮಗುವಿನ ಕಿವಿಗೆ ಟೋಪಿ ಹಾಕಿ ಎತ್ತಿಕೊಂಡು ನಿಂತಿದ್ದ. ಎಲ್ಲರ ಮೊಬೈಲುಗಳೂ ಮೇಲೆದ್ದವು. ಚಿಕ್ಕಬೈರಪ್ಪನವರು ಎಂದಿನಂತೆ ಹೂವು ಸರಿಸಿ ಪೈಪಿನ ಮೇಲೆ ಅಂಗೈ ಇಟ್ಟರು. ನಮ್ಮ ಮಾವನವರು ಜುಬ್ಬದ ಜೇಬಿನಿಂದ ಹತ್ತಿ ತೆಗೆದು ತಮ್ಮ ಎರಡೂ ಕಿವಿಗಳಿಗೆ ಬಿಗಿಯಾಗಿ ತುರುಕಿಕೊಂಡರು. ನಂತರ ಗೆಳೆಯನ ಕೈಯ ಪಕ್ಕದಲ್ಲಿ ತಮ್ಮ ಕೈ ಇಟ್ಟು ಕಣ್ಣು ಮುಚ್ಚಿದರು.

ಭೋಂಗಾ ಮೂರು ಸಲ ಉದ್ದಕ್ಕೆ ಕೂಗಿತು. ಜನರೆಲ್ಲ ಮೇಲೆ ನೋಡುತ್ತಿದ್ದರು. ನಾನು ಆ ಎರಡು ಮುದಿ ಕೈಗಳನ್ನೇ ನೋಡುತ್ತಿದ್ದೆ.

ಅದನ್ನು ಇಳಿಸಿ ಚಿಕ್ಕಬೈರಪ್ಪನವರ ಅಂಗಳಕ್ಕೆ ಕಳಿಸಿದರು. ತುಳಸಿಯ ಪಕ್ಕದಲ್ಲಿ ಅದು ಸುಮ್ಮನೆ ಒಂದು ಹಿತ್ತಾಳೆಯ ಪಾತ್ರೆ. ರಜೆ ಮುಗಿದು ಕಾರ್ಖಾನೆ ತೆರೆದ ದಿನ ಇವರು ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಬೆಳಿಗ್ಗೆ ಹಾಲಿಗೆ ಇಳಿದರೆ ಚಿಕ್ಕಬೈರಪ್ಪನವರು ಮೊದಲ ಬಸ್ಸಿಗೆ ಬಂದು ಗೇಟಿನ ಹತ್ತಿರ ನಿಂತಿದ್ದರು. ಕಾಲು ಅಭ್ಯಾಸದಿಂದ ಕರೆತಂದಿತ್ತು. ಕೈಗೆ ಏನು ಮಾಡಬೇಕೋ ತಿಳಿಯದೆ ಪೈಪಿನ ಮೇಲೊಮ್ಮೆ ಇಟ್ಟು ತೆಗೆದರು. ಒಳಗೆ ಎಲೆಕ್ಟ್ರಿಕ್ ಬೆಲ್ಲು ಸ್ಕೂಲಿನ ಬೆಲ್ಲಿನ ಹಾಗೆ ಕಿಣಿಕಿಣಿ ಎಂದಿತು. ಕೆಲಸಗಾರರು ಒಳಗೆ ಹೋದರು. ಚಿಕ್ಕಬೈರಪ್ಪನವರು ಬರಿಗೈ ನೋಡಿಕೊಳ್ಳುತ್ತ ನಿಂತರು.

ಮಾವನವರು ಲುಂಗಿ ಮೇಲೆತ್ತಿಕೊಂಡು ರಸ್ತೆ ದಾಟಿ ಬಂದರು. ಜುಬ್ಬದ ಗುಂಡಿ ಬಿಚ್ಚಿದರು. ಇಷ್ಟಲಿಂಗದ ಕರಡಿಗೆಯನ್ನು ಒಂದು ಪಕ್ಕಕ್ಕೆ ಸರಿಸಿ, ಗೆಳೆಯನ ಅಂಗೈಯನ್ನು ಹಿಡಿದು ತಮ್ಮ ಎದೆಯ ಮೇಲೆ ಒತ್ತಿ ಇಟ್ಟುಕೊಂಡರು. ಉಸಿರು ತುಂಬಿಕೊಂಡು, ಹೊಟ್ಟೆಯ ಆಳದಿಂದ, "ಬೋಂ..." ಎಂದು ಉದ್ದಕ್ಕೆ ಕೂಗಿದರು.

ಬಾಲ್ಕನಿಗಳಲ್ಲಿ ತಲೆಗಳು ಇಣುಕಿದವು. ಮುರಳಿ ಮಗುವನ್ನು ಎತ್ತಿಕೊಂಡು ಹೊರಗೆ ಬಂದ. ಮಗು ಅಳಲಿಲ್ಲ, ಬೆರಗಾಗಿ ನೋಡಿತು. ಮಾವನವರು ಯಾರ ಕಡೆಯೂ ನೋಡದೆ ಮತ್ತೆ ಉಸಿರು ತೆಗೆದುಕೊಂಡರು, ಕೆಮ್ಮಿದರು, ಎರಡನೆಯದು ಊದಿದರು. ಮೂರನೆಯದಕ್ಕೆ ಅವರ ಮುಖವೆಲ್ಲ ಕೆಂಪಾಗಿ ಕತ್ತಿನ ನರ ಎದ್ದು ಕಂಡಿತು. 

ಚಿಕ್ಕಬೈರಪ್ಪನವರು ಕಣ್ಣು ಮುಚ್ಚಿಕೊಂಡೇ ಇದ್ದರು. ಮೂರನೆಯದು ಎದೆಯೊಳಗೆ ಪೂರ್ತಿ ನಿಲ್ಲುವವರೆಗೂ ಕೈ ತೆಗೆಯಲಿಲ್ಲ. ನಿಂತ ಮೇಲೆ ಆ ಕೈಯನ್ನು ಕಣ್ಣಿಗೊತ್ತಿಕೊಂಡರು.

"ಬಂದ್ವಿ ಕಣ್ಲಾ," ಎಂದರು.